ತೇಯ್ದು ಉಳಿದದ್ದು

ಅಪ್ಪನ ದವಡೆಹಲ್ಲು ಮೊನ್ನೆ ಕಿತ್ತರು.
ಅವನು ಎಸೆಯಲಿಲ್ಲ. ಮನೆಗೆ ತಂದಿಟ್ಟುಕೊಂಡ ಹಳೆಯ ಅಚ್ಚುಕೇಸಿನಲ್ಲಿ
ಯಾರೂ ಕೇಳದ ‘ೠ’ ಅಕ್ಷರದ ಖಾನೆಗೆ ಹಾಕಿದ.

ನಾನು ಬೇಡಿ ತಂದೆ. ಗದಗ–ಹುಬ್ಬಳ್ಳಿ ಪ್ಯಾಸೆಂಜರಿನಲ್ಲಿ
ಅಣ್ಣಿಗೇರಿ ದಾಟುವ ತನಕ ಬುತ್ತಿಡಬ್ಬಿಯ ಬಾಜೂಕ
ಬೆಂಕಿಪೆಟ್ಟಿಗೆಯಲ್ಲಿ ಟಕಟಕ ಅನ್ನುತ್ತಿತ್ತು.

ಲ್ಯಾಬಿನಲ್ಲಿ ನನ್ನ ಕೆಲಸ ತೇಯುವುದು.
ಕಲ್ಲು, ನೀರು, ಬೆರಳ ತುದಿ.
ಗಂಧ ತೇಯುವವರಿಗೆ ತೇಯ್ದದ್ದು ಬೇಕು,
ನನಗೆ ಉಳಿದದ್ದು:
ಕೆಳಗಿಟ್ಟ ಅಕ್ಷರ ಓದಲು ಬರುವಷ್ಟು ತೆಳ್ಳಗೆ.

ಎಲುಬನ್ನೂ ಹೀಗೇ ತೇಯುತ್ತೇನೆ. ಎರಡೂ ಸುಣ್ಣವೇ.
ಆದರೆ ಗಾಜಿನಡಿ ಎಲುಬು ಒಂದು ತುಂಬಿದ ಓಣಿ;
ನಡುವೆ ನೆತ್ತರ ಬಾವಿ, ಸುತ್ತ ಉಂಗುರುಂಗುರ ಮನೆ,
ಗೋಡೆ ಕೊರೆದು ಪಕ್ಕದ ಮನೆಗೆ ಕೈ ಚಾಚಿದ ಗುರುತು.
ಒಂದು ಗುಂಪು ಕೆಡವುತ್ತ ಹೋಗುತ್ತದೆ,
ಬೆನ್ನಿಗೇ ಇನ್ನೊಂದು ಕಟ್ಟುತ್ತ.
ಅಪ್ಪ ರಾತ್ರಿ ಫಾರಂ ಬಿಚ್ಚಿ
ಮೊಳೆಗಳನ್ನು ಅದರದರ ಖಾನೆಗೆ ಸೇರಿಸಿ
ಲಗ್ನಪತ್ರಿಕೆಯ ಅದೇ ಸೀಸದಲ್ಲಿ
ಬೆಳಿಗ್ಗೆ ತಿಥಿಯ ಕಾರ್ಡು ಜೋಡಿಸಿದಂತೆ.

ಹಲ್ಲು ಹಾಗಲ್ಲ. ಅದು ಅಚ್ಚಾದ ಹಾಳೆ.
ಕವಚ ಕಟ್ಟಿದ ಜೀವಗಳು, ಹಲ್ಲು ಬಾಯಿಗೆ ಬರುವ ಹೊತ್ತಿಗೆ
ಇರುವುದಿಲ್ಲ.
ಒಳಗಿನವು ಕಟ್ಟುತ್ತ ಕಟ್ಟುತ್ತ ಹಿಂದೆ ಸರಿಯುತ್ತವೆ,
ಬೆಟಗೇರಿಯಲ್ಲಿ ನೂಲು ಬಿಡುತ್ತ ಹಿಂದೆ ಹಿಂದೆ ನಡೆದು
ಹಾಸು ಹೂಡುವವರ ಹಾಗೆ.
ಮೇಲಿನ ತಪ್ಪು ತಿದ್ದಲು ಯಾರೂ ಇಲ್ಲ.

ಎಂಬತ್ತಾರರಲ್ಲಿ ಟ್ರೆಡಲ್ ಮಷಿನ್ನಿಗೆ ಸಿಕ್ಕು
ಅಪ್ಪನ ಮುಂಗೈ ಮುರಿದಿತ್ತು.
ಈಚೆಗೆ ಎಕ್ಸ್‌ರೇ ನೋಡುತ್ತ ಡಾಕ್ಟರು ಕೇಳಿದರು, ಯಾವ ಕೈ?
ಎರಡನ್ನೂ ತಿರುವಿ ನೋಡಿಕೊಂಡ:
‘ಎಡಗೈ ಇರಬೇಕ್ರಿ... ಅಲ್ಲ, ತಡೀರಿ.’
ಎಲುಬು ಕೂಡಿಕೊಂಡಿತ್ತು. ಕೂಡಿಕೊಂಡು ಮರೆತಿತ್ತು.

ಹಲ್ಲಿನಲ್ಲಿ ಮಾತ್ರ, ಕವಚದ ಆಳದಲ್ಲಿ,
ಒಂದು ಕಪ್ಪುಗೆರೆ.
ಲೆಕ್ಕ ಹಾಕಿದೆ: ಅವನಿಗಾಗ ಎರಡು ತುಂಬಿರಲಿಕ್ಕಿಲ್ಲ.
ಜ್ವರವೋ, ಹಸಿವೆಯೋ,
ಕಟ್ಟುವವರು ನಾಲ್ಕು ದಿನ ಕೈ ನಿಲ್ಲಿಸಿದ್ದಾರೆ.

‘ನನಗೇನ ಗೊತ್ತವಾ,’ ಅಂದ ರಾತ್ರಿ,
‘ನಮ್ಮವ್ವ ಇದ್ದಿದ್ದರ ಹೇಳತಿದ್ದಳು.’
ಆಮೇಲೆ ಸ್ಲೈಡು ಇಸಿದುಕೊಂಡು
ಟ್ಯೂಬ್‌ಲೈಟಿಗೆ ಹಿಡಿದ, ತಲೆಕೆಳಗು ಮಾಡಿ.
ನಲವತ್ತು ವರ್ಷ ಅವನು ಓದಿದ್ದೇ ಹಾಗೆ.

‘ಒತ್ತು ಛಲೋ ಬಿದ್ದದ,’ ಅಂದ.