ಚೆಕ್ಕುಬಂದಿ

ಮಂಜೇಶ್ವರದ ನೋಂದಣಿ ಕಚೇರಿಯ ಎದುರು
ಗೂಡಂಗಡಿಯಷ್ಟೇ ಜಾಗ ನನ್ನದು. ಒಂದು ಮೇಜು,
ಮುದ್ರೆಯ ಡಬ್ಬಿ, ಅಪ್ಪ ಬರೆದ ಆಧಾರಗಳ ನಕಲು.
ಕನ್ನಡದ ಹಳೇ ಕಾಗದ ಹಿಡಿದು ಬಂದವರಿಗೆ
ಅದನ್ನು ಮಲಯಾಳಕ್ಕೆ ದಾಟಿಸಿ ಕೊಡುವುದೇ
ಈಗೀಗ ನನ್ನ ಅನ್ನ.

ಉಪ್ಪಳದ ರುಖಿಯಾ ಬಂದದ್ದು ಅಸರ್ ಬಾಂಗಿನ ಹೊತ್ತಿಗೆ.
ಮದುಮಗಳ ಉಡುಪು ಬಾಡಿಗೆಗೆ ಕೊಡುವ ಅಂಗಡಿ ಅವಳದು,
ಜರಿ ಉದುರಿದ ಒಂದೇ ಲೆಹಂಗಾದಲ್ಲಿ
ನಲುವತ್ತು ಮದುವೆ ದಾಟಿಸಿದ ಕೈ.
ಪ್ಲಾಸ್ಟಿಕ್ ಚೀಲದಿಂದ ನಕ್ಷೆ ತೆಗೆದಳು:
ಅಜ್ಮಾನಿನಲ್ಲಿ, ಹದಿನಾಲ್ಕನೇ ಮಾಳಿಗೆ, ಒಂದೇ ಕೋಣೆ,
ಮೂವತ್ತೆಂಟು ಚದರ ಮೀಟರ್.
"ಸೆಂಟಿನಲ್ಲಿ ಎಷ್ಟಾಯ್ತು ಬಲ್ಲಾಳ್ರೆ?"
ಲೆಕ್ಕ ಹಾಕಿದೆ. ಒಂದು ಸೆಂಟೂ ಇಲ್ಲ.

"ಸಾರ ಇಲ್ಲ," ಅಂದಳು.
"ತಿಂಗಳು ತಿಂಗಳು ಬಾಡಿಗೆ ಬರ್ತದೆ.
ವರ್ಷಕ್ಕೆ ಹತ್ತು ದಿನ ಖಾಲಿ ಮಾಡಿಸಿ
ನಾವು ಹೋಗಿ ಕೂತ್ಕೊಳ್ಳುದು.
ಕೆಲಸಕ್ಕಲ್ಲ. ಸುಮ್ಮನೆ."
ಆ ಸುಮ್ಮನೆ ಎಂಬ ಶಬ್ದವನ್ನು
ಹೊಸ ಬಳೆಯ ಹಾಗೆ ತಿರುಗಿಸಿ ನೋಡಿಕೊಂಡಳು.

ಒಪ್ಪಂದ ಬಲಗಡೆ ಅರಬ್ಬಿ, ಎಡಗಡೆ ಇಂಗ್ಲಿಷು.
"ಒಂದು ಪ್ರತಿ ಕನ್ನಡದಲ್ಲಿ ಬರೆದುಕೊಡಿ.
ಯಾವ ಆಪೀಸಿಗೂ ಅಲ್ಲ, ಕಪಾಟಿಗೆ.
ಐದನೇ ಕ್ಲಾಸಿನವರೆಗೆ ಕಲಿತದ್ದು ಅದೇ ಅಕ್ಷರ,
ನನ್ನ ಹೆಸರಿನ ಮನೆಯನ್ನು ನಾನು ಓದಬೇಡವಾ?"

ಬರೆದೆ. ಅಭ್ಯಾಸದ ಕೈ, ತಾನೇ ಹರಿಯಿತು:
ನಿಧಿ ನಿಕ್ಷೇಪ ಜಲ ತರು ಪಾಷಾಣ
ಪೆನ್ನು ನಿಂತಿತು.
ಹದಿನಾಲ್ಕನೇ ಮಾಳಿಗೆಯಲ್ಲಿ ಯಾವ ನಿಧಿ?
ಅಗೆದರೆ ಸಿಗುವುದು ಹದಿಮೂರನೆಯವರ ಫ್ಯಾನು.
ತರು ಎಂದರೆ ಕುಂಡದಲ್ಲೊಂದು ಬಸಳೆ, ಅದೂ ಅವಳು ನೆಟ್ಟರೆ.
ಜಲಕ್ಕೆ ಮೀಟರು ಉಂಟು.

ಚೆಕ್ಕುಬಂದಿಯ ಸಾಲು ಬಂತು. ಮೂಡಕ್ಕೆ? ಕೇಳಿದೆ.
"ಗಾಳಿ."
ಪಡುವಕ್ಕೆ?
"ಲಿಫ್ಟಿನ ಗೋಡೆ. ಆಚೆಗೆ ಗಾಳಿ."
ಗಾಳಿಯ ಗಡಿ ಹೇಳಿ ಆಧಾರ ಆಗುವುದಿಲ್ಲ ರುಖಿಯಾ,
ಎಂದು ನಕ್ಕೆ.

ಆಗ ಬಾಯಿಬಿಟ್ಟ, ಬಾಗಿಲಲ್ಲೇ ನಿಂತಿದ್ದ ಅಂದುಂಞಿ,
ಅವಳ ಗಂಡ. ಇಪ್ಪತ್ತಮೂರು ವರ್ಷ
ಆ ಊರಿನ ಗೋಡೆಗಳ ಒಳಗೆ ಪೈಪು ಇಳಿಸಿದವ,
ಬಿಗಿಯಾಗಿ ತಿರುಗಿಸಿಟ್ಟ ನಲ್ಲಿಯಂಥ ಮಾತು.

"ಬರೀರಿ. ಮೂಡಕ್ಕೆ ನಾನು ವ್ಯಾನಿಗೆ ಕಾದ ರಸ್ತೆ,
ಬೆಳಿಗ್ಗೆ ನಾಲ್ಕೂವರೆಗೆ.
ಪಡುವಕ್ಕೆ ಊರಿಗೆ ದುಡ್ಡು ಕಳಿಸುತ್ತಿದ್ದ ಕೌಂಟರು,
ಈಗ ಅದು ಮೊಬೈಲ್ ಅಂಗಡಿ.
ಬಡಗಕ್ಕೆ ಪೇಶಾವರದ ಗುಲ್‌ಜಾನನ ರೊಟ್ಟಿ ಒಲೆ.
ಒಲೆ ಇಲ್ಲ, ವಾಸನೆ ಉಂಟು, ಬರೀರಿ.
ತೆಂಕಕ್ಕೆ,"
ಎಂದವ ನಿಂತ.
"ನಾವು ಹದಿನೆಂಟು ಜನ ಮಲಗುತ್ತಿದ್ದ ಶೆಡ್ಡು.
ಅಲ್ಲ, ಅದು ಗಡಿಗೆ ಬರುದಿಲ್ಲ.
ಅದನ್ನು ಕೆಡವಿಯೇ ಇದನ್ನು ಎತ್ತಿದ್ದು.
ಒಳಗೆ ಬರೀರಿ."

ರುಖಿಯಾ ನಕ್ಷೆ ಬಿಟ್ಟು ಅವನನ್ನೇ ನೋಡಿದಳು.
ದಲ್ಲಾಳಿ ತೋರಿಸಿದ್ದು ಹನ್ನೊಂದು ಜಾಗ;
ಇದೇ ಆಗಲಿ ಎಂದವ ಇವನಂತೆ.
ಯಾಕೆಂದು ಅವಳು ಆವತ್ತು ಕೇಳಿರಲಿಲ್ಲ.

ಹೊರಗೆ ಲಾರಿಗಳು ತಲಪಾಡಿಯ ಕಡೆಗೆ ಸಾಲುಗಟ್ಟಿದ್ದವು.
ತೆಂಕಣ ಸಾಲು ಖಾಲಿ ಬಿಟ್ಟೆ.

ಅವ ಕನ್ನಡಕ ಏರಿಸಿ ನಕ್ಷೆಯ ಮೇಲೆ ಬಗ್ಗಿದ,
ಬಚ್ಚಲಿನ ಮೂಲೆಗೆ ಬೆರಳಿಟ್ಟು ಉಜ್ಜಿದ:
"ಇಲ್ಲಿ ಬೆಂಡು ಕೊಟ್ಟದ್ದು ತಪ್ಪು.
ಎರಡು ವರ್ಷಕ್ಕೆ ಸೋರ್ತದೆ."
"ನಾವು ಸುಮ್ಮನೆ ಕೂರ್ಲಿಕ್ಕೆ ಹೋಗುದು," ಅಂದಳು ರುಖಿಯಾ.
"ಹೌದು," ಅಂದ. "ಒಂದು ಪಾನಾ ಹಿಡ್ಕೊಂಡು ಹೋಗುವ."

ನಿಧಿ ಹೊಡೆದುಹಾಕಿದೆ. ತರು, ಪಾಷಾಣ ಕೂಡ.
ಜಲ ಇರಲಿ ಎಂದು ಬಿಟ್ಟೆ.