ಕಚ್ಚು

ಮೂವತ್ತೊಂದು ವರ್ಷ ಪರರ ಬಾಯಿಗೆ ಹಲ್ಲು ಕಟ್ಟಿದವಳು ನಾನು,
ಟ್ಬಿಲಿಸಿಯಲ್ಲಿ, ರೈಲುಹಳಿ ಪಕ್ಕದ ನೆಲಮಾಳಿಗೆಯಲ್ಲಿ.
ಮುಖ ನೆನಪಿರುವುದಿಲ್ಲ ನನಗೆ.
ಆಕಳಿಸಿದರೆ ಸಾಕು, ಹೆಸರು ಹೇಳಿಬಿಡುತ್ತೇನೆ.

ಮಾರ್ಚಿಯಲ್ಲಿ ಕಂಪ್ಯೂಟರಿನೊಳಗೆ ಶುರುವಾಯಿತು
ಟಕ್, ಟಕ್,
ಸಡಿಲ ಸೆಟ್ಟು ಹಾಕಿಕೊಂಡ ಮುದುಕರು
ಸೂಪು ಕುಡಿಯುವಾಗ ಬರುವಂಥ ಸದ್ದು.
ಸಾವಿರದ ನೂರಾ ನಲವತ್ತು ಬಾಯಿಗಳ ಸ್ಕ್ಯಾನು ಅದರಲ್ಲಿ.
ಕೆಲವು ಬಾಯಿಗಳು ಈಗ ಬೇರೆಲ್ಲೂ ಇಲ್ಲ.

ಅಕ್ಕನ ಮಗ ಮಲ್ಖಾಜ್ ಫೋನಿನಲ್ಲಿ ಅಂದ:
ಡಿಸ್ಕು ಸಾಯ್ತಿದೆ ಚಿಕ್ಕಮ್ಮ, ಎಸ್‌ಎಸ್‌ಡಿ ಹಾಕು,
ಮದರ್‌ಬೋರ್ಡಿನ ಮೇಲೆ ಒಂದು ಸೀಳು ಇರುತ್ತೆ ನೋಡು.

ಮುಚ್ಚಳ ಬಿಚ್ಚಿದೆ. ಇತ್ತು.
ಸೀಳು ಅಂತೆ! ಒಸಡು ಅದು.
ಒಳಗೆ ಕೂದಲಿನಷ್ಟು ತೆಳ್ಳಗಿನ ಚಿನ್ನದ ಹಲ್ಲು, ಸಾಲಾಗಿ,
ಒಂದು ಬದಿಗೆ ಪುಟ್ಟ ಅಡ್ಡಗೋಡೆ.

ಅಚ್ಚು ತೆಗೆಯದೆ ಯಾರಿಗೂ ಹಲ್ಲು ಕಟ್ಟಿದವಳಲ್ಲ.
ವೈರು ಕಿತ್ತು, ಗುಲಾಬಿ ಮೇಣ ಬೆಚ್ಚಗೆ ಮಾಡಿ
ಸೀಳಿನ ತುಟಿಗೆ ಹೌದೋ ಅಲ್ಲವೋ ಎಂಬಂತೆ ಒತ್ತಿ
ಎತ್ತಿಕೊಂಡೆ. ಕರ್ಚೀಫಿನಲ್ಲಿ ಸುತ್ತಿ
ದಿದೂಬೆ ಸಂತೆಗೆ ಹೋದೆ.
ಚಾರ್ಜರು, ಸಾಕ್ಸು ಮಾರುವ ಹುಡುಗ
ಮೇಣವನ್ನೂ ನನ್ನನ್ನೂ ನೋಡಿ ನಕ್ಕ.
ಎರಡು ಕಚ್ಚಿನ ಪಟ್ಟಿಯೊಂದನ್ನು ಅಚ್ಚಿಗೆ ಹಿಡಿದ,
ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲ.
ತೊಂಬತ್ತು ಲಾರಿ ಎಣಿಸಿ ಕೊಟ್ಟೆ.

ಮನೆಗೆ ಬಂದು ಹಾಕಿದೆ. ಕೂತಿತು.
ಅಂಥ ಕೂರುವಿಕೆ ಬಾಯಿಗಳಲ್ಲಿ ನೂರಕ್ಕೊಂದು.
ಪರದೆಯ ಮೇಲೆ ಏನೂ ಇಲ್ಲ.
ಹಲ್ಲೂ ಇತ್ತು, ಕಡಲೆಯೂ ಇತ್ತು,
ಬಾಯಿ ಅಗಿಯಲೊಲ್ಲದು.

ಮೆಟ್ರೋ ಕೆಳಗೆ ಗೊದೆರ್ಜಿಯ ಅಂಗಡಿ.
ಸೂರ್ಯಕಾಂತಿ ಬೀಜ ಸೀಳುತ್ತ ಕೂತಿದ್ದ.
ಮೇಲಿನ ಎಡ ಕೋರೆ, ಎರಡು ಸಾವಿರದ ಹನ್ನೊಂದು, ನನ್ನದೇ ಕೆಲಸ.
ಕೂರೋದು ಬೇರೆ, ಮಾತಾಡೋದು ಬೇರೆ, ಅಂದ.
ಇದು ಸಾಟಾ ಮಾತಾಡುತ್ತೆ. ನಿಮ್ಮ ಸೀಳಿಗೆ
ಎನ್‌ವಿಎಂಇ ಬಿಟ್ಟು ಬೇರೆ ಬರದೇನೋ.
ಎರಡು ಕಚ್ಚಿನದು ಎಲ್ಲ ಮನೆಗೂ ನುಗ್ಗುತ್ತೆ,
ಎಲ್ಲ ಮನೇಲೂ ಊಟ ಸಿಗಲ್ಲ.
ಬೋರ್ಡಿನ ಹೆಸರೇನು?

ಬಾಯಿಯ ಅಳತೆ ಹಿಡಿದು ಊರು ಸುತ್ತಿದ್ದೆ.
ಹೆಸರು ಕೇಳಿರಲಿಲ್ಲ.

ಹಿಂದೆ ಒಬ್ಬ ನಟಿ, ಜುಗ್ದಿದಿಯವಳು.
ಸೆಟ್ಟು ಮುತ್ತು ಪೋಣಿಸಿದ ಹಾಗೆ ಕೂತಿತ್ತು,
ಕನ್ನಡಿ ನೋಡಿ ಅತ್ತಳು. ಆಮೇಲೆ ನನಗೆ
ಥ್ಯಾಂಕ್ಸ್ ಹೇಳಹೋದರೆ 'ಸಿಯಾಲಾ' ಅಂದಳು.
ತ್ಸಿಯಾಲಾ ಅಂತ ಬರಲೇ ಇಲ್ಲ.
ಮುಂಬಲ್ಲಿನ ಹಿಂಬದಿ ಸ್ವಲ್ಪ ಉಜ್ಜಿದೆ, ಇನ್ನೂ ಸ್ವಲ್ಪ,
ಬಂತು ನನ್ನ ಹೆಸರು.
ಈ ಪಟ್ಟಿಯನ್ನು ಎಲ್ಲಿ ಉಜ್ಜಲಿ?

ಟಾರ್ಚು ಹಿಡಿದು, ಭೂತಗನ್ನಡಿ ಹಿಡಿದು
ಧೂಳಿನೊಳಗಿಂದ ಹೆಸರು ಓದಿದೆ, ಒಂದೊಂದೇ ಅಕ್ಷರ.
ಪಕ್ಕದಲ್ಲೇ ಮೂರು ತೂತು: ನಲವತ್ತೆರಡು, ಅರವತ್ತು, ಎಂಬತ್ತು.
ಉದ್ದವನ್ನು ಬೋರ್ಡೇ ಬರೆದಿಟ್ಟುಕೊಂಡಿತ್ತು,
ಕೇಳುವವರಿಗಾಗಿ.

ಗೊದೆರ್ಜಿ ಕಂಪನಿಯ ಪಟ್ಟಿಯಲ್ಲಿ ಬೆರಳಾಡಿಸಿ
ಒಂದು ಕಚ್ಚಿನದು ಕೊಟ್ಟ. ನೂರಾ ಅರವತ್ತು.
ಹಳೆಯದನ್ನು ವಾಪಸು ಕೊಳ್ಳಲಿಲ್ಲ, ಕಳ್ಳ.

ಓರೆಯಾಗಿ ತೂರಿಸಿದೆ. ನಾಲಿಗೆ ಚಾಚಿದ ಹಾಗೆ
ಎದ್ದು ನಿಂತಿತು. ಒತ್ತಿ ಹಿಡಿಯಬೇಕಾದ ತಿರುಪು
ಯಾವ ಡಬ್ಬಿಯಲ್ಲೂ ಇರಲಿಲ್ಲ.
ಮೇಣ ಹಾಕಲೇ ಅಂತ ಫೋನು ಮಾಡಿದೆ.
ಬಿಸಿ ಆಗುತ್ತೆ ಅಮ್ಮ, ಕರಗುತ್ತೆ, ಅಂದ.

ಕೆಳಗಿನ ಡ್ರಾಯರಿನಲ್ಲಿ ಲಕೋಟೆಯೊಳಗೊಂದು ಟೈಟೇನಿಯಂ ತಿರುಪು,
ಎಳ್ಳಿನಷ್ಟು ತಲೆ.
ಓತಾರ್ ಕ್ವಿರ್ಕ್ವೆಲಿಯಾಗೆ ತರಿಸಿದ್ದು, ಕೆಳದವಡೆಗೆ.
ಮುಂದಿನ ಗುರುವಾರ ಬರುತ್ತೇನೆ ಅಂದಿದ್ದ.
ಮೂರು ಸುತ್ತು ತಿರುಗಿ ನಿಂತಿತು.

ಈಗ ರಾತ್ರಿ ಎರಡು ಗಂಟೆ.
ಹಳೆಯ ಡಿಸ್ಕು ಟಕ್ ಟಕ್ ಅನ್ನುತ್ತಲೇ
ಒಂದೊಂದೇ ಬಾಯಿ ಒಪ್ಪಿಸುತ್ತಿದೆ.
ಓತಾರನದು ಇನ್ನೂ ಬಂದಿಲ್ಲ.