ಮೆರವಣಿಗೆ ಕಾರಿನ ತಲೆದಿಂಬು

ಮೂರನೇ ಕೈ ಕಾರು. ಬೆಂಗಳೂರಿನ ಹರಾಜಿನಲ್ಲಿ ಹಿಡಿದದ್ದು.
ಗುಂಡಿ ಒತ್ತಿದರೆ ಚಾವಣಿ ಮಡಚಿಕೊಂಡು
ಡಿಕ್ಕಿಯೊಳಗೆ ಹೋಗಿ ಮಲಗುತ್ತದೆ. ಒತ್ತಿದ ಮೇಲೆ
ಎಡಗಡೆ ಒಂದು ಗುದ್ದು ಕೊಡಬೇಕು, ಅಷ್ಟೆ.
ಚಿಂತಾಮಣಿಯಲ್ಲಿ ತಲೆ ಬಿಚ್ಚಿಕೊಂಡು ಓಡಾಡುವ ಕಾರು
ಇದೊಂದೇ. ಶಿಡ್ಲಘಟ್ಟ, ಶ್ರೀನಿವಾಸಪುರ,
ಅತ್ತ ಮದನಪಲ್ಲಿಯವರೆಗೂ
ಮದುವೆಯೆಂದರೆ ನನಗೇ ಫೋನು.

ಮೂರು ವರ್ಷ. ಎಷ್ಟು ಮದುಮಗಳಂದಿರು
ಹಿಂದಿನ ಸೀಟಿನಲ್ಲಿ ಕೂತು
ಚೇಳೂರು ರಸ್ತೆಯ ಉದ್ದಕ್ಕೂ ಮೆರೆದರು.
ಒಬ್ಬಳೂ ತಲೆ ಎತ್ತಲಿಲ್ಲ.
ಬ್ಯಾಂಡಿನವರು ಎಂಥ ಹಾಡು ಬಾರಿಸಿದರೂ,
ಸೋದರಮಾವಂದಿರು ಟಾರಿನ ಮೇಲೆ ಹೊರಳಿ ಕುಣಿದರೂ,
ಕತ್ತು ಬಾಗಿಸಿ, ಮಡಿಲಿನ ತೆಂಗಿನಕಾಯಿ ನೋಡಿಕೊಂಡು.
ಮಹಡಿ ಮೇಲಿಂದ ಮುದುಕಿಯರು:
"ಎಂಥಾ ನಾಚಿಕೆಯ ಹುಡುಗಿ ನೋಡೇ!"
ನಾನೂ ಕನ್ನಡಿಯಲ್ಲಿ ನೋಡಿ
ಹೌದು ಅಂದುಕೊಂಡೆ.

ಉಷಾರಾಣಿ ಮಾತ್ರ ಎರಡು ದಿನ ಮುಂಚೆ
ಒಬ್ಬಳೇ ಬಂದಳು ಕಾರು ನೋಡಲು.
ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದ ಚೀಟಿ ಬರೆಯುವವಳು,
ಮುಳ್ಳು ನಿಲ್ಲುವ ತನಕ ಏನನ್ನೂ ನಂಬುವುದಿಲ್ಲ.
ಹಿಂದೆ ಹತ್ತಿ ಕೂತಳು. ಎದ್ದಳು. ಮತ್ತೆ ಕೂತಳು.
ಮೊಗ್ಗಿನ ಜಡೆಯ ದಪ್ಪಕ್ಕೆ ಅಂತ
ದುಪಟ್ಟಾ ಸುತ್ತಿ ಉಂಡೆ ಮಾಡಿ
ತಲೆಯ ಹಿಂದೆ ಹಿಡಿದು ಒರಗಿದಳು.
ದಿಂಬು ಉಂಡೆಯನ್ನು ತಳ್ಳಿತು, ಉಂಡೆ ತಲೆಯನ್ನು,
ಗದ್ದ ಹೋಗಿ ಎದೆಗೆ ತಾಗಿತು.
"ಅಣ್ಣಾ, ಇದು ಬಗ್ಗಿಸ್ತೈತೆ" ಅಂದಳು ಅದೇ ಭಂಗಿಯಲ್ಲಿ,
ತನ್ನ ಮಡಿಲಿಗೆ ಹೇಳಿದ ಹಾಗೆ.
"ತೆಗಿ."

ಬರುವುದಿಲ್ಲಮ್ಮ, ಅಂದೆ. ಕಂಪನಿಯದು.
ಒಂದು ಕಾಲಿಗೆ ಗುಂಡಿ ಇದೆ, ಇನ್ನೊಂದಕ್ಕೆ ಬರೀ ತೂತು,
ಸಾಸಿವೆಯಷ್ಟು.
ಕುಷನ್ ಅಂಗಡಿಯ ಜಬೀವುಲ್ಲಾ ಸ್ಕ್ರೂಡ್ರೈವರ್ ಹಿಡಿದು ಬಂದ.
ಮೊಣಕಾಲೂರಿ ಎಳೆದ, ಬಿಸ್ಮಿಲ್ಲಾ ಅಂದ,
ಆಮೇಲೆ ಬೇರೇನೋ ಅಂದ.
ಅಲ್ಲಾಡಲಿಲ್ಲ.
ಅವಳು ತನ್ನ ಕೂದಲಿಂದ ಒಂದು ಪಿನ್ನು ಕಿತ್ತು,
ಹಲ್ಲಿನಲ್ಲಿ ಕಚ್ಚಿ ನೇರ ಮಾಡಿ,
ತೂತಿಗೆ ತೂರಿಸಿದಳು. "ಈಗ ಗುಂಡಿ ಒತ್ತು."
ಟಿಕ್.
ಎರಡು ಕಾಲಿನ ಮೂಲಂಗಿ ಕಿತ್ತ ಹಾಗೆ ಬಂತು ಮೇಲೆ.
ಬುಡದಲ್ಲಿ ಹಳೆಯ ಅಕ್ಷತೆ, ಮಿಠಾಯಿ ಕಾಗದ,
ಯಾರದೋ ಮಾಟಿಯ ಒಂದು ಮುತ್ತು.
ಪಕ್ಕದ ದಿಂಬಿಗೆ ಹಾಕುವಾಗ
ಪಿನ್ನು ಮುರಿಯಿತು. ಇರಲಿ ಬಿಡು, ಅಂದಳು.

ಶುಕ್ರವಾರ ರಾತ್ರಿ ಮೆರವಣಿಗೆ. ಮೊದಲನೇ ಗೇರು.
ಕನ್ನಡಿಯಲ್ಲಿ ಮೊದಲ ಸಲ
ಒಂದು ಇಡೀ ಮುಖ.
ಎಲ್ಲವನ್ನೂ ನೋಡುತ್ತಾಳೆ:
ಜನರೇಟರ್ ಗಾಡಿ ತಳ್ಳುವ ಹುಡುಗನನ್ನು,
ಬೀದಿಯ ಕೊನೆಗೆ ಅಂಬಾಜಿದುರ್ಗದ ಕಪ್ಪು ಬೆನ್ನನ್ನು,
ದೀಪ ಹೊತ್ತ ಹೆಂಗಸರನ್ನು. ಅವರಲ್ಲೊಬ್ಬಳಿಗೆ
"ಅಕ್ಕಾ, ಸೆರಗು ವಯರಿಗೆ ಸಿಕ್ಕೈತೆ" ಎಂದು ಕೂಗಿದಳು ಕೂಡ.
ಮಹಡಿಯ ಮುದುಕಿಯರನ್ನು ನೋಡಿದಳು
ಅವರು ಕಣ್ಣು ತಗ್ಗಿಸುವ ತನಕ.
"ಗಂಡುಬೀರಿ" ಎಂದಿತು ಒಂದು ಬಾಲ್ಕನಿ.
ಅವಳ ಪಕ್ಕದಲ್ಲಿ ಮದುಮಗ,
ಮುರಿದ ಪಿನ್ನಿನ ಕಡೆಯವನು,
ಪೇಟ ಹಿಂದೆ ತಗುಲಿ, ಕತ್ತು ಬಗ್ಗಿ, ಕಣ್ಣು ಮಡಿಲಿಗೆ.
ಎಂಥಾ ನಾಚಿಕೆಯ ಹುಡುಗ!

ಆರ್‌ಟಿಓ ಕಚೇರಿಯ ಸಾಹೇಬರು ಬೈದರು:
ಕತ್ತು ಉಳಿಸೋದಕ್ಕೆ ಇಟ್ಟಿರೋದು ಕಣಯ್ಯಾ ಅದು.
ಹೆದ್ದಾರಿಗೆ ಇಳಿದರೆ ಸಿಕ್ಕಿಸುತ್ತೇನೆ ಸಾರ್, ಅಂದೆ.
ನಿಜ, ಸಿಕ್ಕಿಸುತ್ತೇನೆ.
ಊರೊಳಗೆ ಅದು ಮುಂದಿನ ಸೀಟಿನಲ್ಲಿ, ನನ್ನ ಪಕ್ಕ,
ಎರಡು ಕಾಲು ಚಾಚಿಕೊಂಡು ಕೂತಿರುತ್ತದೆ.

ಆ ರಾತ್ರಿ ಮನೆಗೆ ಬಂದು
ನಮ್ಮ ಮದುವೆಯ ಫೋಟೋ ತೆಗೆದೆ.
ನಮಗೆ ಕಾರೆಲ್ಲಿ. ಟ್ರ್ಯಾಕ್ಟರಿನ ಮೇಲೆ ಎರಡು ಸ್ಟೂಲು,
ಒರಗಲು ಏನೂ ಇಲ್ಲ.
ಆದರೂ ಮುನಿರತ್ನಳ ಕತ್ತು ಅದೇ ಓರೆ, ಅದೇ ಬಾಗು.
ಅವತ್ತು ನಿನ್ನ ತಲೆಯ ಹಿಂದೆ ಏನಿತ್ತೇ, ಎಂದು ಕೇಳಿದೆ.
ಕಡಲೇಕಾಯಿ ಬಿಡಿಸುತ್ತಿದ್ದವಳು
ಕೆಲಸ ನಿಲ್ಲಿಸದೆ ಅಂದಳು:
"ನಿಮ್ಮಕ್ಕನ ಕೈ."